ಅನುಮತಿ ಕೇಳದೆ ಒಳಬರುವ ಸೇವಕ

ಪವಿತ್ರ ಕುರ್‌ಆನಿನ 24ನೇ ಅಧ್ಯಾಯವಾದ ಅನ್ನೂರ್, ಮನೆಯ ಬಾಗಿಲಿನ ಕುರಿತು ಬಹಳ ವಿವರವಾಗಿ ಮಾತನಾಡುತ್ತದೆ. ಇತರರ ಮನೆಗಳಿಗೆ ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಅದರ 27ನೇ ಸೂಕ್ತವು ಸತ್ಯವಿಶ್ವಾಸಿಗಳಿಗೆ ಆದೇಶಿಸುತ್ತದೆ. ಒಳಗಿನವರು ಮರಳಿ ಹೋಗಿರೆಂದರೆ ಮರಳಬೇಕೆಂದು 28ನೇ ಸೂಕ್ತ ಕಲಿಸುತ್ತದೆ. ಇದು ಹೊರಗಿನವರ ಮಾತಾಯಿತು. ಮನೆಯೊಳಗೇ ಓಡಾಡಿಕೊಂಡಿರುವವರ ವಿಷಯವೇನು? ಅದು 58ನೇ ಸೂಕ್ತದಲ್ಲಿದೆ. ಅಧೀನದಲ್ಲಿರುವ ಗುಲಾಮರು ಮತ್ತು ಪ್ರಾಯಕ್ಕೆ ಬಾರದ ಮಕ್ಕಳು ಕೂಡಾ ದಿನದ ಮೂರು ವೇಳೆಗಳಲ್ಲಿ ಅನುಮತಿ ಪಡೆದೇ ಕೋಣೆಯೊಳಗೆ ಬರಬೇಕು. ಫಜ್ರ್ ನಮಾಝಿಗೆ ಮುಂಚೆ, ನಡುಹಗಲು ಉಡುಪು ಕಳಚಿ ವಿಶ್ರಮಿಸುವಾಗ ಮತ್ತು ಇಶಾ ನಮಾಝಿನ ನಂತರ. ಇವು ಮೂರು ಖಾಸಗಿ ವೇಳೆಗಳು. ಉಳಿದ ಹೊತ್ತಿನಲ್ಲಿ ಅವರು ಬಂದು ಹೋಗುತ್ತಿದ್ದರೆ ಯಾರ ಮೇಲೂ ದೋಷವಿಲ್ಲ.

ಕಳೆದ ತಿಂಗಳು ನಮ್ಮ ಊರಿನ ಸಾಪ್ತಾಹಿಕ ಅಧ್ಯಯನ ತರಗತಿಯಲ್ಲಿ ಓದು ಈ ಸೂಕ್ತದವರೆಗೆ ಬಂತು. ಗುಲಾಮಗಿರಿ ಈಗಿಲ್ಲ. ತರಗತಿಗೆ ಬರುವವರಲ್ಲಿ ಆಳುಕಾಳು ಇಟ್ಟುಕೊಂಡವರೂ ಕಡಿಮೆ. ಆದ್ದರಿಂದ ಮಕ್ಕಳಿಗೆ ಬಾಗಿಲು ತಟ್ಟುವ ಅಭ್ಯಾಸ ಕಲಿಸಬೇಕೆಂದು ನಾಲ್ಕು ಮಾತು ಹೇಳಿ ಮುಂದಿನ ಸೂಕ್ತಕ್ಕೆ ಹೋಗುವ ಆಲೋಚನೆಯಲ್ಲಿದ್ದೆ. ಆಗ ಹಿಂದಿನ ಸಾಲಿನಲ್ಲಿದ್ದ ಯುವಕನೊಬ್ಬ, "ಮಾಸ್ತರೇ, ನಮ್ಮ ಮನೆಯಲ್ಲಿ ಒಬ್ಬ ಸೇವಕ ಇದ್ದಾನೆ. ಮೂರು ಹೊತ್ತೂ ಒಳಗೇ ಇರುತ್ತಾನೆ. ಅವನು ಅನುಮತಿ ಕೇಳುವುದಿಲ್ಲ" ಎಂದ. ಕಿಸೆಯಿಂದ ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಬಿಳಿ ವಸ್ತುವೊಂದನ್ನು ತೆಗೆದು ತೋರಿಸಿದ. ಕಿವಿಗೆ ಸಿಕ್ಕಿಸುವ ಇಯರ್‌ಫೋನ್. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ತರಗತಿ ಮುಗಿದ ಮೇಲೆ ಮಸೀದಿಯ ಜಗಲಿಯಲ್ಲಿ ಕುಳಿತು ಅವನು ಹೇಳಿದ ಸಂಗತಿಯನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಅವನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯ ಉದ್ಯೋಗಿ. 2020ರ ಕೊರೋನಾ ಕಾಲದಲ್ಲಿ ಊರಿಗೆ ಬಂದವನು ಇಲ್ಲಿಂದಲೇ ಕೆಲಸ ಮಾಡುತ್ತಿದ್ದಾನೆ. ಅವನ ಉಮ್ಮನಿಗೆ ಎಪ್ಪತ್ತು ದಾಟಿದೆ. ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಹಾಸಿಗೆಯಲ್ಲೇ ಇದ್ದಾರೆ. ಕಿವಿಯೂ ಸ್ವಲ್ಪ ಮಂದ. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಮಾತ್ರೆ ಕೊಡುವುದು ಎಲ್ಲವನ್ನೂ ಈ ಮಗನೇ ಮಾಡುತ್ತಾನೆ. ಈ ನಡುವೆ ಅವನ ಫೋನಿಗೆ ಮಾತಿನಲ್ಲೇ ಕೆಲಸ ಮಾಡುವ ಕೃತಕ ಬುದ್ಧಿಮತ್ತೆಯ ಸಹಾಯಕ ಬಂತು. ಕಿವಿಯಲ್ಲಿ ಅದನ್ನಿಟ್ಟುಕೊಂಡು ಬಾಯಲ್ಲಿ ಹೇಳಿದರೆ ಸಾಕು, ಅದು ಕಾಗದ ಬರೆಯುತ್ತದೆ, ಬಂದ ಸಂದೇಶವನ್ನು ಓದಿ ಹೇಳುತ್ತದೆ, ನಾಳೆಯ ಮೀಟಿಂಗ್ ನೆನಪಿಸುತ್ತದೆ. ಕೈ ತಾಗಿಸಬೇಕಾಗಿಲ್ಲ. "ನನಗೆ ಇದು ದೇವರು ಕೊಟ್ಟ ಸೌಕರ್ಯ ಅನ್ನಿಸಿತು. ಕೈಯಲ್ಲಿ ಉಮ್ಮನ ಖಿದ್ಮತ್, ಬಾಯಲ್ಲಿ ಆಫೀಸಿನ ಕೆಲಸ" ಎಂದ.

ಒಂದು ಮಧ್ಯಾಹ್ನ ಅವನು ಉಮ್ಮನಿಗೆ ಗಂಜಿ ಕುಡಿಸುತ್ತಾ ತನ್ನ ಮೇಲಧಿಕಾರಿಗೆ ಉತ್ತರ ಹೇಳಿ ಬರೆಸುತ್ತಿದ್ದ. "ತಡವಾದದ್ದಕ್ಕೆ ಕ್ಷಮಿಸಿ, ಶುಕ್ರವಾರದೊಳಗೆ ಖಂಡಿತ ಮಾಡಿಕೊಡುತ್ತೇನೆ" ಎಂಬುದು ಅದರ ತಾತ್ಪರ್ಯ. ಚಮಚ ಬಾಯಿಯ ಹತ್ತಿರ ಹೋದಾಗ ಉಮ್ಮ, "ಪರವಾಗಿಲ್ಲ ಮಗಾ, ನನಗೇನು ಅವಸರ?" ಎಂದರು. ಗಂಜಿ ತಡವಾದದ್ದಕ್ಕೆ ಮಗ ಕ್ಷಮೆ ಕೇಳುತ್ತಿದ್ದಾನೆಂದು ಅವರು ತಿಳಿದಿದ್ದರು. ಅವನ ಕೈ ಅಲ್ಲೇ ನಿಂತಿತು. ತಿಂಗಳುಗಟ್ಟಲೆ ಈ ಕೋಣೆಯಲ್ಲಿ ತಾನು ಮಾತನಾಡುತ್ತಿದ್ದೇನೆ, ತಿಂಗಳುಗಟ್ಟಲೆ ಉಮ್ಮ ಹೀಗೆ ಉತ್ತರ ಕೊಡುತ್ತಿದ್ದಿರಬೇಕು, ಕಿವಿಯಲ್ಲಿ ಬೇರೊಂದು ಸ್ವರ ತುಂಬಿದ್ದುದರಿಂದ ತನಗೆ ಅದು ಕೇಳಿಸಲೇ ಇಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

"ಇದು ಗುನಾಹ್ ಆಗುತ್ತದಾ ಮಾಸ್ತರೇ? ನಾನು ಖಿದ್ಮತ್‌ನಲ್ಲಿ ಏನೂ ಕಡಿಮೆ ಮಾಡಲಿಲ್ಲ. ನನ್ನ ಎರಡೂ ಕೈ ಉಮ್ಮನಿಗೇ ಕೊಟ್ಟಿದ್ದೆ."

ಈ ಪ್ರಶ್ನೆಗೆ ನಾನು ಆಗಲೇ ಉತ್ತರ ಕೊಡಲಿಲ್ಲ. ಗುನಾಹ್ ಎಂಬ ಮಾತನ್ನು ಇನ್ನೊಬ್ಬರ ತಲೆಗೆ ಹೊರಿಸಲು ಅವಸರ ಪಡುವವರ ಸಾಲಿನಲ್ಲಿ ನಿಲ್ಲಲು ನನಗೆ ಇಷ್ಟವೂ ಇಲ್ಲ. ಆದರೆ ಅವನ ಮಾತಿನಲ್ಲೇ ಒಂದು ಸುಳಿವು ಇತ್ತು. ಅವನು ಕೈಯ ಲೆಕ್ಕ ಹೇಳಿದ್ದ.

ಕೈ ಎಂಬ ಬಾಗಿಲು

ಮನೆಗೆ ಕೆಲಸ ಬಂದದ್ದು ಇದೇ ಮೊದಲಲ್ಲ. ನಮ್ಮ ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಎಲೆ, ಹೊಗೆಸೊಪ್ಪು, ನೂಲು ಎಲ್ಲವೂ ಮನೆಯ ಚಾವಡಿಗೇ ಬರುತ್ತಿತ್ತು. ಕೆಲಸ ಮತ್ತು ಮನೆಯ ನಡುವೆ ಗೋಡೆ ಇರಲಿಲ್ಲ. ಆದರೂ ಒಂದು ಗಡಿ ಇತ್ತು. ಮಗು ಅತ್ತರೆ ಬೀಡಿಯ ತಟ್ಟೆ ಮಡಿಲಿನಿಂದ ಕೆಳಗಿಳಿಯಲೇಬೇಕಿತ್ತು. ವುಝೂ ಮಾಡಲು ಎದ್ದರೆ ಬೀಡಿ ನಿಲ್ಲುತ್ತಿತ್ತು. ಅನ್ನ ಬಸಿಯುವ ಕೈಯಿಂದ ಬೀಡಿ ಸುತ್ತಲು ಆಗುವುದಿಲ್ಲ. ಮನುಷ್ಯನಿಗೆ ಅಲ್ಲಾಹನು ಎರಡೇ ಕೈ ಕೊಟ್ಟುದರಲ್ಲಿ ಒಂದು ಕರುಣೆಯೂ ಇದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಕೈ ಒಂದರಲ್ಲಿ ತೊಡಗಿದರೆ ಇನ್ನೊಂದರಿಂದ ಬಿಡುಗಡೆ.

ಮೊಬೈಲ್ ಫೋನ್ ಬಂದಾಗ ಕಚೇರಿ ಕಿಸೆಯೊಳಗೆ ಬಂತು. ಆದರೂ ಅದನ್ನು ತೆಗೆಯಲು ಕೈ, ನೋಡಲು ಕಣ್ಣು ಬೇಕಿತ್ತು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡವಳು, ಸ್ಕೂಟರ್ ಓಡಿಸುವವನು, ಮಗುವನ್ನು ಎತ್ತಿಕೊಂಡವರು ತಾವಾಗಿಯೇ ಕೆಲಸದಿಂದ ಹೊರಗಿರುತ್ತಿದ್ದರು. 2011ರಲ್ಲಿ ಆ್ಯಪಲ್ ಕಂಪೆನಿಯ ಸಿರಿ, 2014ರಲ್ಲಿ ಅಮೆಝಾನ್ ಕಂಪೆನಿಯ ಅಲೆಕ್ಸಾ ಬಂದವು. ಹೆಸರು ಹಿಡಿದು ಕರೆದರೆ ಓಗೊಡುವ ಯಂತ್ರಗಳು. ಆಗ ಅವು ಹವಾಮಾನ ಹೇಳುವ, ಅಲಾರಂ ಇಡುವ ಆಟಿಕೆಗಳಂತೆ ಇದ್ದವು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಪರಿಸ್ಥಿತಿ ಬದಲಾಯಿತು. ಮರುವರ್ಷವೇ ಅದಕ್ಕೆ ಮಾತೂ ಬಂತು. 2024ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಜೆಮಿನಿ ಲೈವ್ ಎಂಬ ಮಾತಿನ ಸಹಾಯಕವನ್ನು ಹಿಂದಿಯ ಜೊತೆಗೆ ಕನ್ನಡ, ಉರ್ದು, ಮಲಯಾಳಂ ಸಹಿತ ಎಂಟು ಭಾಷೆಗಳಿಗೆ ತರುವುದಾಗಿ ಪ್ರಕಟಿಸಿತು. ಈಗ ಯಂತ್ರವು ಕಾಗದವನ್ನು ಓದಿ ಸಾರಾಂಶ ಹೇಳುತ್ತದೆ, ಉತ್ತರದ ಕರಡು ತಯಾರಿಸುತ್ತದೆ, ಲೆಕ್ಕ ನೋಡುತ್ತದೆ, ಕೊನೆಗೆ "ಕಳಿಸಲೇ?" ಎಂದು ಕೇಳುತ್ತದೆ. ಅಂದರೆ ಕಚೇರಿಯಲ್ಲಿ ಮೇಜಿನ ಮುಂದೆ ಕುಳಿತು ಮಾಡಬೇಕಾದ ಕೆಲಸವನ್ನು ಒಲೆಯ ಮುಂದೆ ನಿಂತು, ಹಾಸಿಗೆಯಲ್ಲಿ ಮಲಗಿ, ರೋಗಿಯ ಪಕ್ಕದಲ್ಲಿ ಕುಳಿತು ಮಾಡಬಹುದು. ಕೊನೆಯ ಬಾಗಿಲಾಗಿ ಉಳಿದಿದ್ದ ಕೈ ಕೂಡಾ ತೆರೆದುಕೊಂಡಿತು.

ಇದರಿಂದ ಪ್ರಯೋಜನವಿಲ್ಲವೇ? ಧಾರಾಳವಾಗಿದೆ. ನನ್ನ ಪರಿಚಯದ ಅಂಧ ಸಹೋದರರೊಬ್ಬರು ಈಗ ಯಾರ ಹಂಗೂ ಇಲ್ಲದೆ ತಮ್ಮ ಬ್ಯಾಂಕಿನ ಕಾಗದ ಓದಿಸಿಕೊಳ್ಳುತ್ತಾರೆ, ಪತ್ರ ಬರೆಸುತ್ತಾರೆ. ಮೊದಲು ಆ ಕಾಗದ ಓದಲು ನೆರೆಮನೆಯ ಹುಡುಗನನ್ನು ಕರೆಯಬೇಕಿತ್ತು, ಮನೆಯ ಸಾಲದ ವಿವರ ಊರಿಗೆಲ್ಲ ತಿಳಿಯುತ್ತಿತ್ತು. ಕೈಯಿಲ್ಲದವರಿಗೆ, ಅಕ್ಷರ ಬಾರದವರಿಗೆ ಇದು ದೊಡ್ಡ ಅನುಗ್ರಹ. ಯಂತ್ರವನ್ನು ಶಪಿಸುವುದು ಈ ಲೇಖನದ ಉದ್ದೇಶವಲ್ಲ. ಲೌಡ್‌ಸ್ಪೀಕರ್ ಬಂದಾಗ, ಟಿ.ವಿ. ಬಂದಾಗ ನಮ್ಮಲ್ಲಿ ನಡೆದ ವಾದಗಳನ್ನು ಕಂಡವನು ನಾನು. ಅವುಗಳಲ್ಲಿ ಹೆಚ್ಚಿನವು ಯಾರಿಗೂ ಯಾವ ದಾರಿಯನ್ನೂ ತೋರಿಸಲಿಲ್ಲ.

ಕೈ ಬಿಡುವಾದರೆ ಮನಸ್ಸು ಬಿಡುವೇ?

ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಡೇವಿಡ್ ಸ್ಟ್ರೇಯರ್ ಎಂಬ ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ವಾಹನ ಚಾಲಕರ ಮೇಲೆ ಪರೀಕ್ಷಿಸಿದರು. ಕೈ ಸ್ಟಿಯರಿಂಗ್ ಮೇಲಿದೆ, ಕಣ್ಣು ರಸ್ತೆಯ ಮೇಲಿದೆ, ಬಾಯಿ ಮಾತ್ರ ಯಂತ್ರದೊಂದಿಗೆ ಮಾತನಾಡುತ್ತದೆ. ಹಾಗಿದ್ದರೆ ಅಪಾಯವಿಲ್ಲವಲ್ಲ ಎಂಬುದು ಸಾಮಾನ್ಯ ನಂಬಿಕೆ. 2015ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಆಗಿತ್ತು. ಮಾತಿನ ಆಜ್ಞೆ ಕೊಟ್ಟು ಮುಗಿಸಿದ ನಂತರವೂ, ಹೆಚ್ಚು ತೊಡಕಿನ ವ್ಯವಸ್ಥೆಗಳಲ್ಲಿ 27 ಸೆಕೆಂಡುಗಳವರೆಗೆ ಚಾಲಕನ ಗಮನ ಪೂರ್ತಿಯಾಗಿ ರಸ್ತೆಗೆ ಮರಳಿರಲಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ಅಷ್ಟು ಹೊತ್ತಿನಲ್ಲಿ 300 ಮೀಟರ್ ಕ್ರಮಿಸಿರುತ್ತದೆ. ಶಾಲೆಯ ಗೇಟು, ಬಸ್ ನಿಲ್ದಾಣ ಎರಡೂ ಅಷ್ಟರೊಳಗೆ ಬಂದು ಹೋಗಬಹುದು. 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯ್ದೆಯು ಕೈಯಲ್ಲಿ ಹಿಡಿಯುವ ಉಪಕರಣದ ಬಗ್ಗೆ ಹೇಳುತ್ತದೆ. ಮನಸ್ಸು ಹಿಡಿದುಕೊಂಡಿರುವುದನ್ನು ಯಾವ ಪೊಲೀಸನೂ ನೋಡಲಾರ.

ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇಂತಹುದೇ ಇನ್ನೊಂದು ಸಂಗತಿಯನ್ನು ವಿವರಿಸಿದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಮನಸ್ಸಿನ ಒಂದಂಶ ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ, ಆ ಕೆಲಸ ಅರ್ಧದಲ್ಲಿದ್ದರಂತೂ ಇನ್ನೂ ಹೆಚ್ಚು. ಪಾತ್ರೆಯ ತಳಕ್ಕೆ ಅಂಟಿಕೊಂಡ ಅನ್ನದಂತೆ. ನಮಾಝಿನಲ್ಲಿ ನಿಂತವರಿಗೆ ಇದನ್ನು ಬೇರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಇಕಾಮತ್‌ಗೆ ಅರ್ಧ ನಿಮಿಷ ಮುಂಚೆ ಕಿವಿಯಲ್ಲಿ ಒಂದು ಸಂದೇಶ ಕೇಳಿ ಸಫ್‌ನಲ್ಲಿ ನಿಂತವನು ಎಷ್ಟು ರಕ್‌ಅತ್ ಆಯಿತೆಂದು ಪಕ್ಕದವನನ್ನು ನೋಡಿ ತಿಳಿದುಕೊಳ್ಳುತ್ತಾನೆ. ಅವನ ಶರೀರ ಕಿಬ್ಲಾಕ್ಕೆ ಮುಖ ಮಾಡಿದೆ, ಮನಸ್ಸು ಮೇಲಧಿಕಾರಿಯ ಕಡೆಗೆ.

ಇಲ್ಲಿ ಆ ಯುವಕನ ಪ್ರಶ್ನೆಗೆ ಮರಳೋಣ. ತಾಯಿಗೆ ತಾನು ಎರಡೂ ಕೈ ಕೊಟ್ಟೆ ಎಂದನಲ್ಲ, ಕುರ್‌ಆನ್ ತಾಯಿತಂದೆಯರ ವೃದ್ಧಾಪ್ಯದ ಕುರಿತು ಹೇಳುವಾಗ ಮೊದಲು ಕೇಳುವುದು ಏನನ್ನು? ಬನೀ ಇಸ್ರಾಈಲ್ ಅಧ್ಯಾಯದ 23ನೇ ಸೂಕ್ತವನ್ನು ತೆರೆದು ನೋಡಿ. ಅವರಿಬ್ಬರಲ್ಲಿ ಒಬ್ಬರಾಗಲಿ ಇಬ್ಬರಾಗಲಿ ನಿಮ್ಮ ಬಳಿ ಮುಪ್ಪಿಗೆ ತಲುಪಿದರೆ 'ಉಫ್' ಎಂದು ಸಹ ಹೇಳಬಾರದು, ಗದರಬಾರದು, ಅವರೊಂದಿಗೆ ಗೌರವದ ಮಾತನ್ನು ಆಡಬೇಕು. ಮೂರೂ ನಾಲಿಗೆಯ ವಿಷಯಗಳು! ಅನ್ನ, ಔಷಧ, ಬಟ್ಟೆ ಎಂಬ ಯಾವುದನ್ನೂ ಅಲ್ಲಿ ಹೆಸರಿಸಿಲ್ಲ. ಅವು ಬೇಡವೆಂದಲ್ಲ, ಅವು ಇದ್ದೇ ಇರುತ್ತವೆ. ಆದರೆ ಹಾಸಿಗೆ ಹಿಡಿದ ತಾಯಿಗೆ ಮಗನಿಂದ ಸಿಗಬೇಕಾದದ್ದೆಂದು ಅಲ್ಲಾಹನು ಎತ್ತಿ ಹೇಳಿದ್ದು ಒಂದು ಮಾತು. ಆ ಯುವಕನ ಕೈ ಉಮ್ಮನ ಬಳಿ ಇತ್ತು. ಕೇಳಲ್ಪಟ್ಟಿದ್ದ ನಾಲಿಗೆ ಕಂಪೆನಿಯ ಬಳಿ ಇತ್ತು.

ಪ್ರವಾದಿ(ಸ)ರ ರೂಪ ಮತ್ತು ನಡೆನುಡಿಗಳನ್ನು ವರ್ಣಿಸುವ ವರದಿಗಳಲ್ಲಿ, ಅವರು ಯಾರ ಕಡೆಗಾದರೂ ತಿರುಗಿದರೆ ಕತ್ತನ್ನಷ್ಟೇ ಹೊರಳಿಸದೆ ಇಡೀ ಶರೀರದೊಂದಿಗೆ ತಿರುಗುತ್ತಿದ್ದರೆಂದು ಬಂದಿದೆ. ಮನೆಯಲ್ಲಿ ಅವರು ಏನು ಮಾಡುತ್ತಿದ್ದರೆಂದು ಆಯಿಶಾ(ರ)ರನ್ನು ಕೇಳಿದಾಗ, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಅವರು ತಿಳಿಸಿದ್ದಾರೆ. ಒಂದು ರಾಷ್ಟ್ರದ ಹೊಣೆ, ಯುದ್ಧ, ಸಂಧಾನ, ನಿಯೋಗಗಳು ಎಲ್ಲವೂ ಅವರ ಹೆಗಲ ಮೇಲಿದ್ದವು ಎಂಬುದನ್ನು ನೆನಪಿಟ್ಟುಕೊಂಡು ಈ ಉತ್ತರವನ್ನು ಓದಬೇಕು.

ಬಾಗಿಲು ತಟ್ಟಿದವರು

ಮೂರು ಖಾಸಗಿ ವೇಳೆಗಳ ಸೂಕ್ತದ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಒಂದು ವರದಿಯನ್ನು ಉದ್ಧರಿಸುತ್ತಾರೆ. ಪ್ರವಾದಿ(ಸ)ರು ನಡುಹಗಲಲ್ಲಿ ಉಮರ್(ರ)ರನ್ನು ಕರೆತರಲು ಅನ್ಸಾರರ ಹುಡುಗನೊಬ್ಬನನ್ನು ಕಳುಹಿಸಿದರು. ಹುಡುಗ ನೇರವಾಗಿ ಒಳಗೆ ಹೋದ. ಇತರರು ನೋಡಬಾರದೆಂದು ಉಮರ್(ರ) ಬಯಸುವ ಸ್ಥಿತಿಯಲ್ಲಿ ಅವರು ವಿಶ್ರಾಂತಿಯಲ್ಲಿದ್ದರು. ಇಂತಹ ವೇಳೆಗಳಲ್ಲಿ ಅನುಮತಿ ಕೇಳುವ ಆದೇಶವೊಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರು ಆಶಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಹುಡುಗ ಅನಗತ್ಯವಾಗಿ ಬಂದವನಲ್ಲ. ಕರೆಸಿದವರು ಸ್ವತಃ ಅಲ್ಲಾಹನ ಸಂದೇಶವಾಹಕರು. ಅದಕ್ಕಿಂತ ದೊಡ್ಡ ಕರೆ ಯಾವುದಿದೆ? ಆದರೂ ಬಾಗಿಲ ಬಳಿ ನಿಂತು ಕೇಳಿ ಬರಬೇಕೆಂಬುದೇ ನಿಯಮವಾಯಿತು. ಹೀಗಿರುವಾಗ ನಮ್ಮ ಕಂಪೆನಿಯ ಮ್ಯಾನೇಜರ್, ನಮ್ಮ ಅಂಗಡಿಯ ಗಿರಾಕಿ ಯಾವ ಲೆಕ್ಕ?

ಅದೇ ಉಮರ್(ರ)ರ ಬಾಗಿಲಲ್ಲಿ ಇನ್ನೊಂದು ಘಟನೆ ನಡೆಯಿತು. ಅಬೂಮೂಸಾ ಅಲ್‌ಅಶ್‌ಅರೀ(ರ) ಬಂದು ಮೂರು ಸಲ ಅನುಮತಿ ಕೇಳಿದರು. ಉಮರ್(ರ) ಯಾವುದೋ ಕಾರ್ಯದಲ್ಲಿ ಮಗ್ನರಾಗಿದ್ದರು, ಉತ್ತರ ಬರಲಿಲ್ಲ. ಅವರು ಹಿಂದಿರುಗಿದರು. ನಂತರ ಕರೆಸಿ ಕೇಳಿದಾಗ, ಮೂರು ಸಲ ಕೇಳಿಯೂ ಅನುಮತಿ ಸಿಗದಿದ್ದರೆ ಮರಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ ಎಂದರು. ಇದಕ್ಕೆ ಸಾಕ್ಷಿ ತನ್ನಿ ಎಂದು ಖಲೀಫರು ಪಟ್ಟು ಹಿಡಿದರು. ಅಬೂ ಸಈದ್ ಅಲ್‌ಖುದ್ರೀ(ರ) ಬಂದು ಸಾಕ್ಷಿ ನುಡಿದರು. ಆಗ ಉಮರ್(ರ), ಪ್ರವಾದಿಯವರ ಈ ಆದೇಶ ತನಗೆ ತಿಳಿಯದೇ ಹೋಯಿತಲ್ಲ, ಪೇಟೆಯ ವ್ಯಾಪಾರ ತನ್ನನ್ನು ಅಷ್ಟು ಹಿಡಿದಿಟ್ಟುಕೊಂಡಿತ್ತು ಎಂದು ನೊಂದುಕೊಂಡರೆಂದು ಬುಖಾರಿಯ ವರದಿಯಲ್ಲಿದೆ. ಬಾಗಿಲಿನ ನಿಯಮವನ್ನು ಕಲಿಯಲು ಬಿಡದೆ ಹೋದದ್ದು ಪೇಟೆ. ಈ ಮಾತನ್ನು ಓದುವಾಗಲೆಲ್ಲ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕುಳಿತುಕೊಳ್ಳುತ್ತೇನೆ.

ಇಂದಿನ ಸ್ಥಿತಿ ನೋಡಿ. ಮೈಕ್ರೋಸಾಫ್ಟ್ ಕಂಪೆನಿಯು ತನ್ನ ಬಳಕೆದಾರರ ಲೆಕ್ಕವನ್ನಾಧರಿಸಿ 2025ರ ಜೂನ್‌ನಲ್ಲಿ ಒಂದು ವರದಿ ಪ್ರಕಟಿಸಿತು. ಮುಂಜಾನೆ 6 ಗಂಟೆಗೆ ಆನ್‌ಲೈನ್ ಇರುವ ನೌಕರರಲ್ಲಿ ನೂರಕ್ಕೆ 40 ಮಂದಿ ಆಗಲೇ ಕಚೇರಿಯ ಇಮೇಲ್ ನೋಡುತ್ತಿರುತ್ತಾರೆ. ರಾತ್ರಿ 10ರ ಹೊತ್ತಿಗೆ ನೂರಕ್ಕೆ 29 ಮಂದಿ ಮತ್ತೆ ಅದರೊಳಗೆ ಇಳಿದಿರುತ್ತಾರೆ. ರಾತ್ರಿ 8ರ ನಂತರದ ಮೀಟಿಂಗ್‌ಗಳು ಒಂದೇ ವರ್ಷದಲ್ಲಿ ಶೇಕಡಾ 16ರಷ್ಟು ಹೆಚ್ಚಿವೆ. ಒಂದು ಮುಂಜಾನೆ, ಇನ್ನೊಂದು ಇಶಾದ ನಂತರ. ಬಾಗಿಲು ಮುಚ್ಚಲು ಹೇಳಿದ ಹೊತ್ತುಗಳೇ ಇವು. ಇದೇ ಕಂಪೆನಿಗಳೇ ಮಾತಿನ ಸಹಾಯಕಗಳನ್ನೂ ಮಾರುತ್ತಿವೆ ಎಂಬುದು ವಿಚಿತ್ರವಾದರೂ ನಿಜ.

ಯಾರ ಸೇವಕ?

ಸೂಕ್ತದಲ್ಲಿ ಹೇಳಲಾದ ಸೇವಕ ಮನೆಯ ಯಜಮಾನನ ಆಳು. ಅವನಿಗೆ ಬೇರೊಬ್ಬ ಧಣಿ ಇರಲಿಲ್ಲ. ನಮ್ಮ ಕಿವಿಯೊಳಗಿನ ಸೇವಕ ಹಾಗಲ್ಲ. ಅವನನ್ನು ಸಾಕುವವರು ಬೇರೆ. ಅವನು ನಮ್ಮ ಮಾತು ಕೇಳುತ್ತಾನೆ, ಆದರೆ ಕೇಳಿದ್ದನ್ನು ಎಲ್ಲಿಗೆ ಒಯ್ಯುತ್ತಾನೆ? ಈ ಯಂತ್ರಗಳ ಮೈಕು ತನ್ನ ಹೆಸರು ಕೇಳಿಸುತ್ತದೆಯೋ ಎಂದು ಸದಾ ಕಿವಿಗೊಟ್ಟಿರುತ್ತದೆ. ಹೆಸರು ಕೇಳಿದೊಡನೆ, ಅಥವಾ ಕೇಳಿತೆಂದು ತಪ್ಪಾಗಿ ಭಾವಿಸಿದೊಡನೆ, ನಂತರದ ಮಾತು ಸಾಮಾನ್ಯವಾಗಿ ದೂರದ ಕಂಪ್ಯೂಟರುಗಳಿಗೆ ಹೋಗುತ್ತದೆ. 2019ರ ಏಪ್ರಿಲ್‌ನಲ್ಲಿ ಅಲೆಕ್ಸಾದ ಕೆಲವು ಧ್ವನಿಮುದ್ರಣಗಳನ್ನು ಅದರ ತಪ್ಪು ತಿದ್ದುವುದಕ್ಕಾಗಿ ಮನುಷ್ಯರೇ ಕುಳಿತು ಕೇಳುತ್ತಿದ್ದಾರೆಂಬ ಸುದ್ದಿ ಹೊರಬಂತು, ಹಾಗೆ ಕೇಳುವವರು ಭಾರತದಲ್ಲೂ ಇದ್ದರು. ಮಕ್ಕಳ ಧ್ವನಿಯನ್ನು ಅಳಿಸದೆ ಇಟ್ಟುಕೊಂಡ ಆರೋಪದಲ್ಲಿ ಅದೇ ಕಂಪೆನಿ 2023ರಲ್ಲಿ ಅಮೆರಿಕದಲ್ಲಿ ಎರಡೂವರೆ ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಕಣ್ಣಿನ ಕಾರಣದಿಂದಲೇ ಅನುಮತಿಯ ನಿಯಮ ಬಂದಿದೆ ಎಂದು ಪ್ರವಾದಿ(ಸ)ರು ಬಾಗಿಲ ಕಿಂಡಿಯಲ್ಲಿ ಇಣುಕಿದವನಿಗೆ ತಿಳಿಸಿದ್ದರು. ಇಂದು ಇಣುಕುವುದು ಕಿವಿ. ಪತಿಪತ್ನಿಯರ ಮಾತು, ರೋಗಿಯ ನರಳಾಟ, ಅಕ್ಕತಂಗಿಯರ ಸಂಕಟ ಎಲ್ಲವೂ ಇರುವ ಕೋಣೆಯಲ್ಲಿ ಕಚೇರಿಗೆ ಸೇರಿದ ಒಂದು ಕಿವಿಯನ್ನು ತೆರೆದಿಡುವಾಗ, ಆ ಕೋಣೆಯ ಇತರರ ಅನುಮತಿಯನ್ನು ನಾವು ಕೇಳಿದ್ದೇವೆಯೇ?

ಇನ್ನು ದುಡಿಸುವವರ ಮಾತು. ಈ ಪತ್ರಿಕೆಯನ್ನು ಓದುವವರಲ್ಲಿ ವ್ಯಾಪಾರಿಗಳಿದ್ದಾರೆ, ಗುತ್ತಿಗೆದಾರರಿದ್ದಾರೆ, ಗಲ್ಫ್‌ನಲ್ಲಿ ಹತ್ತಾರು ಮಂದಿಯನ್ನು ಇಟ್ಟುಕೊಂಡು ಸಂಸ್ಥೆ ನಡೆಸುವವರಿದ್ದಾರೆ. ರಾತ್ರಿ ಹನ್ನೊಂದಕ್ಕೆ ಮಲಗುವ ಮುಂಚೆ ಏನೋ ನೆನಪಾಗುತ್ತದೆ. ಯಂತ್ರಕ್ಕೆ ಎರಡು ಮಾತು ಹೇಳಿದರೆ ನಿಮ್ಮ ತಲೆಯ ಭಾರ ಇಳಿಯಿತು, ನಿದ್ದೆ ಬಂತು. ಆ ಭಾರ ಹೋಗಿ ಯಾರ ತಲೆಯ ಮೇಲೆ ಕುಳಿತಿತು? ನಾನೂ ಇದರಿಂದ ಹೊರತಲ್ಲ. ನಮ್ಮ ಮದ್ರಸದ ಲೆಕ್ಕ ಬರೆಯುವ ಹುಡುಗನಿಗೆ ರಾತ್ರಿ ಸಂದೇಶ ಕಳುಹಿಸಿ, ಬೆಳಿಗ್ಗೆ "ಯಾಕೆ ಉತ್ತರ ಕೊಡಲಿಲ್ಲ?" ಎಂದು ಕೇಳಿದವನು ನಾನು.

ಮೂಸಾ(ಅ)ರು ಮದ್‌ಯನ್‌ನಲ್ಲಿ ದುಡಿಮೆಗೆ ನಿಂತ ಸಂದರ್ಭ ಅಲ್‌ಕಸಸ್ ಅಧ್ಯಾಯದಲ್ಲಿದೆ. ನೆಲೆಯಿಲ್ಲದೆ ಓಡಿಬಂದ ಯುವಕ, ಏನು ಹೇಳಿದರೂ ಒಪ್ಪಿಕೊಳ್ಳುವ ಸ್ಥಿತಿ. ಆದರೂ ಆ ಹಿರಿಯರು ಅವಧಿಯನ್ನು ಮೊದಲೇ ಹೇಳಿದರು. ಎಂಟು ವರ್ಷ. ಹತ್ತು ಪೂರ್ತಿಗೊಳಿಸಿದರೆ ಅದು ನಿನ್ನ ಇಚ್ಛೆ, ನಿನ್ನನ್ನು ಕಷ್ಟಕ್ಕೆ ಗುರಿಪಡಿಸಲು ನಾನು ಬಯಸುವುದಿಲ್ಲ ಎಂದರು. ಎರಡರಲ್ಲಿ ಯಾವ ಅವಧಿಯನ್ನು ಪೂರೈಸಿದರೂ ನನ್ನ ಮೇಲೆ ಅತಿರೇಕವಾಗಬಾರದು ಎಂದು ಮೂಸಾ(ಅ) ಹೇಳಿದರು. ಕೆಲಸದ ಮಿತಿ ಮಾತಿನಲ್ಲಿ ಸ್ಪಷ್ಟವಾಗಿತ್ತು, ಹೆಚ್ಚಿನದು ಔದಾರ್ಯವಾಗಿತ್ತು, ಬಾಧ್ಯತೆಯಾಗಿರಲಿಲ್ಲ. ಈಗಿನ ಕೆಲಸಗಳಲ್ಲಿ ಆ ಹೆಚ್ಚಿನ ಎರಡು ವರ್ಷಗಳನ್ನು ಅರ್ಧರ್ಧ ನಿಮಿಷದ ತುಣುಕುಗಳಾಗಿ, ಯಾವ ಲೆಕ್ಕಕ್ಕೂ ಸಿಗದಂತೆ ವಸೂಲು ಮಾಡಲಾಗುತ್ತಿದೆ.

ಸರಕಾರಗಳಿಗೂ ಇದರ ಅರಿವು ಬರತೊಡಗಿದೆ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ 2017ರ ಜನವರಿಯಲ್ಲಿ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಲ್ಲಿ ಜಾರಿಗೆ ತಂದವು. ನಮ್ಮ ಲೋಕಸಭೆಯಲ್ಲಿ 2018ರ ಡಿಸೆಂಬರ್‌ನಲ್ಲಿ ಸುಪ್ರಿಯಾ ಸುಳೆ ಇಂತಹ ಮಸೂದೆಯೊಂದನ್ನು ಮಂಡಿಸಿದ್ದರು. ಖಾಸಗಿ ಸದಸ್ಯರ ಮಸೂದೆ ಕಾನೂನಾಗುವುದು ನಮ್ಮಲ್ಲಿ ತೀರಾ ಅಪರೂಪ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. 2024ರ ಜುಲೈಯಲ್ಲಿ ಐ.ಟಿ. ಕ್ಷೇತ್ರದಲ್ಲಿ ದಿನಕ್ಕೆ 14 ಗಂಟೆಗಳವರೆಗೆ ದುಡಿಸಿಕೊಳ್ಳುವ ಪ್ರಸ್ತಾಪ ಬಂದಾಗ ನೌಕರರ ಸಂಘಟನೆಗಳು ಬೀದಿಗಿಳಿದವು. ಆದರೆ ಗಡಿಯಾರದಲ್ಲಿ ಎಣಿಸಬಹುದಾದ ಹದಿನಾಲ್ಕು ಗಂಟೆಗಳಿಗೆ ಪ್ರತಿಭಟಿಸಬಹುದು. ಗಂಜಿಯ ಚಮಚಗಳ ನಡುವೆ ಹಂಚಿಹೋದ ಗಂಟೆಗೆ ಯಾರು ಪ್ರತಿಭಟಿಸಬೇಕು?

ಹಕ್ಕಿನ ಪ್ರಶ್ನೆ ಎರಡೂ ಕಡೆಗಿದೆ ಎಂಬುದನ್ನೂ ಹೇಳಬೇಕು. ಸಂಬಳದ ಹೊತ್ತಿನಲ್ಲಿ ಸ್ವಂತ ವ್ಯಾಪಾರದ ಮಾತನ್ನು ಕಿವಿಯಲ್ಲಿ ನಡೆಸುವವನೂ ಅಮಾನತ್‌ಗೆ ದ್ರೋಹ ಬಗೆಯುತ್ತಾನೆ. ಜುಮುಆದ ಅಝಾನ್ ಕೇಳಿದಾಗ ವ್ಯಾಪಾರ ಬಿಟ್ಟು ಬರಲು ಹೇಳಿದ ಕುರ್‌ಆನ್, ನಮಾಝ್ ಮುಗಿದೊಡನೆ ಭೂಮಿಯಲ್ಲಿ ಚದುರಿ ಜೀವನೋಪಾಯ ಅರಸಲೂ ಹೇಳಿದೆ. ಇಡೀ ದಿನ ಕೈಕಟ್ಟಿ ಕೂರುವ ದಿನವನ್ನು ಇಸ್ಲಾಮ್ ನಿಗದಿಪಡಿಸಿಲ್ಲ. ಹೊತ್ತು ಹೊತ್ತಿಗೆ ಬಾಗಿಲು ಇಟ್ಟಿದೆ.

ಆರಾಧನೆ ಕೂಡಾ ಈ ಬಾಗಿಲನ್ನು ದಾಟಿ ಮನೆಯವರ ಪಾಲನ್ನು ತಿನ್ನಬಾರದೆಂದು ಕಲಿಸಿದವರು ಸಲ್ಮಾನ್(ರ). ಅಬೂದರ್ದಾ(ರ)ರ ಮನೆಗೆ ಹೋದಾಗ ಅವರ ಪತ್ನಿಯ ಅನಾಸಕ್ತ ಉಡುಪನ್ನು ನೋಡಿ ವಿಷಯ ತಿಳಿದುಕೊಂಡರು. ಹಗಲು ಉಪವಾಸ, ರಾತ್ರಿ ನಮಾಝ್, ಸಂಗಾತಿಗೆ ಹೊತ್ತಿಲ್ಲ. ಪ್ರಭುವಿಗೂ ಶರೀರಕ್ಕೂ ಮನೆಯವರಿಗೂ ಬೇರೆಬೇರೆ ಹಕ್ಕುಗಳಿವೆ, ಪ್ರತಿಯೊಬ್ಬರ ಹಕ್ಕನ್ನೂ ಕೊಡಬೇಕೆಂದು ಅವರು ಬೋಧಿಸಿದರು. ದೂರು ಪ್ರವಾದಿ(ಸ)ರ ಬಳಿಗೆ ಹೋದಾಗ ಅವರು ಸಲ್ಮಾನರ ಮಾತನ್ನೇ ದೃಢೀಕರಿಸಿದರು. ತಹಜ್ಜುದ್ ನಮಾಝಿಗೇ ಬಿಟ್ಟುಕೊಡದ ಪಾಲನ್ನು ನಾವು ಒಂದು ಕಂಪೆನಿಯ ವಾರದ ವರದಿಗೆ ಬಿಟ್ಟುಕೊಟ್ಟಿದ್ದೇವೆ.

ಮುಂದಿನ ತರಗತಿ

ಮುಂದಿನ ವಾರ ಇದೇ ಸೂಕ್ತವನ್ನು ಮತ್ತೊಮ್ಮೆ ಓದಿದೆವು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬರು, "ನಮಗೆ ರಾತ್ರಿಯೂ ಕರೆ ಬರಬೇಕಾಗುತ್ತದೆ. ನಾವು ಬಾಗಿಲು ಮುಚ್ಚಿದರೆ ಒಬ್ಬರ ಜೀವ ಹೋಗಬಹುದು" ಎಂದರು. ವಿದ್ಯುತ್ ಇಲಾಖೆಯವರೊಬ್ಬರೂ ಅದೇ ಮಾತು ಹೇಳಿದರು. ಆಗ ನಾವೆಲ್ಲ ಸೂಕ್ತವನ್ನು ಇನ್ನೊಮ್ಮೆ ನೋಡಿದೆವು. ಅದು ಆ ಮೂರು ವೇಳೆಗಳಲ್ಲಿ ಪ್ರವೇಶವನ್ನು ನಿಷೇಧಿಸಿಲ್ಲ. ಅನುಮತಿ ಕೇಳಿ ಬರಲು ಹೇಳಿದೆ. ತಟ್ಟುವ ಶಬ್ದ ಮೊದಲು, ಒಳಗೆ ಬರುವುದು ನಂತರ, ನಡುವೆ ಒಳಗಿನವನಿಗೆ ಒಂದು ಕ್ಷಣ ಆಲೋಚಿಸುವ ಸ್ವಾತಂತ್ರ್ಯ. ಫೋನಿನ ಗಂಟೆ ಹಾಗೆ ತಟ್ಟುತ್ತದೆ. ಎದ್ದು ಹೋಗಿ ಎತ್ತಬೇಕು, ಉಮ್ಮನಿಗೆ "ಒಂದು ಫೋನ್ ಬಂದಿದೆ, ಈಗ ಬರುತ್ತೇನೆ" ಎಂದು ಹೇಳಿ ಹೊರಡಬೇಕು. ಕಿವಿಯೊಳಗೆ ಮೊದಲೇ ಕುಳಿತಿರುವ ಸ್ವರಕ್ಕೆ ತಟ್ಟುವ ಅಗತ್ಯವೇ ಇಲ್ಲ. ಆದುದರಿಂದ ಜೀವ ಕಾಯುವ ಕೆಲಸದವರು ಒಂದೆರಡು ನಂಬರುಗಳ ಗಂಟೆ ಬಾರಿಸುವಂತೆ ಇಟ್ಟು, ಓದಿ ಹೇಳುವ ಸಹಾಯಕವನ್ನು ನಿಲ್ಲಿಸಬಹುದು. ಆ ಏರ್ಪಾಡು ಈಗಿನ ಎಲ್ಲಾ ಫೋನುಗಳಲ್ಲೂ ಇದೆ. ಮಾತನಾಡುವ ಪೆಟ್ಟಿಗೆಗಳ ಮೇಲೆ ಮೈಕು ಮುಚ್ಚುವ ಗುಂಡಿಯೂ ಸಾಮಾನ್ಯವಾಗಿ ಇರುತ್ತದೆ. ಚಪ್ಪಲಿ ಬಿಡುವಲ್ಲಿ ಇಯರ್‌ಫೋನ್ ಬಿಡುತ್ತೇನೆ ಎಂದು ಒಬ್ಬರು ಹೇಳಿದರು. ಹಾಸ್ಯಕ್ಕೆ ಹೇಳಿದ್ದಾದರೂ ನನಗೆ ಅದು ಒಳ್ಳೆಯ ಜಾಗವೆಂದೇ ತೋರಿತು.

ನಮ್ಮ ಯುವಕ ಹೆಚ್ಚೇನೂ ಮಾಡಲಿಲ್ಲ. ಮೂರು ವೇಳೆಗಳನ್ನು ಕಾಗದದಲ್ಲಿ ಬರೆದು ತನ್ನ ಮೇಲಧಿಕಾರಿಗೆ ತಿಳಿಸಿದ. ಬೆಳಿಗ್ಗೆ ಏಳರವರೆಗೆ, ಮಧ್ಯಾಹ್ನ ಒಂದರಿಂದ ಎರಡೂವರೆ, ರಾತ್ರಿ ಎಂಟೂವರೆಯ ನಂತರ. ಈ ಹೊತ್ತಿನಲ್ಲಿ ತುರ್ತಿದ್ದರೆ ಫೋನ್ ಮಾಡಬೇಕು, ಉಳಿದದ್ದು ಕಾಯಬೇಕು. ಮಧ್ಯಾಹ್ನದ ಒಂದೂವರೆ ಗಂಟೆಗೆ ಮೊದಲು ಆಕ್ಷೇಪ ಬಂತು. ಅವನು ಆ ಹೊತ್ತನ್ನು ಸಂಜೆ ಕುಳಿತು ತುಂಬಿಸಿಕೊಡಲು ಒಪ್ಪಿದ ಮೇಲೆ ಒಂದು ತಿಂಗಳ ಮಟ್ಟಿಗೆ ನೋಡೋಣವೆಂದರು. ತಿಂಗಳು ಇನ್ನೂ ಮುಗಿದಿಲ್ಲ. ಮುಂದೇನಾಗುತ್ತದೋ ಅಲ್ಲಾಹನೇ ಬಲ್ಲ, ದುಆ ಮಾಡಿ ಎಂದಿದ್ದಾನೆ.

ಮೊದಲ ದಿನ ಮಧ್ಯಾಹ್ನ ಅವನು ಕಿವಿಯಲ್ಲಿ ಏನೂ ಇಲ್ಲದೆ ಉಮ್ಮನ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿದ. ಹಳೆಯ ಮನೆಯ ಬಾವಿಯ ವಿಷಯ ತೆಗೆದು ತಾನಾಗಿಯೇ ಮಾತನಾಡಿದ. ಉಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆ ಮೇಲೆ ಅವನ ಕೈಹಿಡಿದು ತಗ್ಗಿದ ಸ್ವರದಲ್ಲಿ ಕೇಳಿದರು: "ಕೆಲಸ ಹೋಯಿತಾ ಮಗಾ?" ಹೋಗಿಲ್ಲವೆಂದು ಅವರನ್ನು ನಂಬಿಸಲು ಅವನಿಗೆ ಎರಡು ದಿನ ಹಿಡಿಯಿತಂತೆ.